ಗಂಜಿತಿಳಿಯೂ ಜಾಯಿಕಾಯಿಯೂ

(ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಮತ್ತು ತಾಯಂದಿರು ಸೇರಿದ್ದ ಸಭೆಯಲ್ಲಿ ಮಕ್ಕಳ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಸಭೆಗೆ ಕರೆಯುವಾಗ, "ಮಕ್ಕಳ ಭೇದಿಗೆ ಮನೆಮದ್ದು ಮಾಡಬೇಡಿ ಅಂತ ಗಟ್ಟಿಯಾಗಿ ಹೇಳಿಬಿಡಿ ಡಾಕ್ಟ್ರೇ" ಅಂದರು. ಅಷ್ಟೇ ಹೇಳುವುದಾಗಿದ್ದರೆ ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಿದ್ದರೆ ಸಾಕಿತ್ತು. ನನಗೆ ಹಾಗೆ ಹೇಳಲು ಮನಸ್ಸಿಲ್ಲ. ಭೇದಿಯಾದ ಮಗುವಿನ ಜೀವ ಉಳಿಸುವ ಮದ್ದು ಇವತ್ತಿಗೂ ತಯಾರಾಗುವುದು ಮನೆಯಲ್ಲೇ, ಅದನ್ನು ಕುಡಿಸುವುದೂ ತಾಯಿಯ ಕೈಯೇ. ಆದರೆ ಅಡುಗೆಮನೆಯ ಯಾವ ಡಬ್ಬಕ್ಕೆ ಕೈ ಹಾಕುತ್ತೇವೆ ಅನ್ನುವುದರ ಮೇಲೆ ಮಗುವಿನ ಹಣೆಬರಹ ನಿಂತಿರುತ್ತದೆ. ಇವತ್ತು ಅದನ್ನೇ ಮಾತಾಡೋಣ.

ವಾರ್ಡಿನಲ್ಲಿ ತಾಯಂದಿರ ಪಕ್ಕ ಕೂತು, ಬೈಯದೆ, "ಮನೇಲಿ ಏನೇನು ಕೊಟ್ರಿ?" ಅಂತ ಕೇಳಿದರೆ ಕರ್ನಾಟಕದ ನಕ್ಷೆಯೇ ಬಿಚ್ಚಿಕೊಳ್ಳುತ್ತದೆ. ಮೈಸೂರು, ಮಂಡ್ಯದ ಕಡೆಯವರು ಸಾಣೆಕಲ್ಲಿನ ಮೇಲೆ ಎದೆಹಾಲು ಹಿಂಡಿ ಜಾಯಿಕಾಯಿ ತೇಯ್ದು ನೆಕ್ಕಿಸಿರುತ್ತಾರೆ. ಹುಬ್ಬಳ್ಳಿ, ಗದಗ, ಬಾಗಲಕೋಟೆಯ ಕಡೆ ಅದಕ್ಕೆ ಗುಟ್ಟಿ ಅನ್ನುತ್ತಾರೆ. ಜಾಯಿಕಾಯಿಯ ಜೊತೆಗೆ ಮಾಚಿಕಾಯಿ, ಅಳಲೆಕಾಯಿ, ಬಜೆ, ಒಣಶುಂಠಿ ಎಲ್ಲವನ್ನೂ ಒಂದೊಂದು ಸುತ್ತು, ಎರಡೆರಡು ಸುತ್ತು ಅಂತ ಲೆಕ್ಕ ಹಿಡಿದು ತೇಯುತ್ತಾರೆ. ಶಿರಸಿ, ಸಾಗರದ ಮನೆಗಳಲ್ಲಿ ದಾಳಿಂಬೆ ಸಿಪ್ಪೆಯ ತಂಬುಳಿ, ಕೊಡಸಿಗನ ಹೂವಿನ ತಂಬುಳಿ, ಒಣಗಿಸಿಟ್ಟ ಮಾವಿನ ಗೊರಟು. ಕರಾವಳಿಯಲ್ಲಿ ಕುಚ್ಚಲಕ್ಕಿಯ ಗಂಜಿತಿಳಿಗೆ ಉಪ್ಪು. ಬಯಲುಸೀಮೆಯಲ್ಲಿ ಮಜ್ಜಿಗೆಗೆ ಮೆಂತ್ಯ, ನೀರಾಗಿ ಕಲಸಿದ ರಾಗಿ ಅಂಬಲಿ, ಸಬ್ಬಕ್ಕಿ ಗಂಜಿ. ವಾಂತಿಯೂ ಇದ್ದರೆ ಭತ್ತದ ಅರಳನ್ನು ನೀರಲ್ಲಿ ಕುದಿಸಿ ಸೋಸಿದ ತಿಳಿ. ಪೇಟೆಯವರಾದರೆ ಕಾಫಿ ಡಿಕಾಕ್ಷನ್‌ಗೆ ಅರ್ಧ ನಿಂಬೆಹಣ್ಣು.

ಇದರಲ್ಲಿ ಎರಡು ಬಗೆಯಿದೆ, ಕೇಳುತ್ತಾ ಕೇಳುತ್ತಾ ನಿಮಗೂ ಹೊಳೆದಿರಬಹುದು. ಗಂಜಿತಿಳಿ, ಮಜ್ಜಿಗೆ, ಅಂಬಲಿ, ಅರಳಿನ ನೀರು ಇವೆಲ್ಲ ಮಗುವಿನ ಒಳಗೆ ಏನನ್ನೋ ಸೇರಿಸುತ್ತವೆ. ಜಾಯಿಕಾಯಿ, ಮಾಚಿಕಾಯಿ, ದಾಳಿಂಬೆ ಸಿಪ್ಪೆ, ಡಿಕಾಕ್ಷನ್ ಇವೆಲ್ಲ ಭೇದಿಯನ್ನು ಕಟ್ಟಿಸಲು ಕೊಡುವಂಥವು. ನಮ್ಮ ಮನೆಗಳಲ್ಲಿ ಎರಡನೆಯದಕ್ಕೆ ಮದ್ದು ಅಂತ ಗೌರವ, ಮೊದಲನೆಯದಕ್ಕೆ ಬರೀ ಪಥ್ಯ ಅಂತ ಸಸಾರ. ಗೌರವ ತಿರುಗುಮುರುಗಾಗಿದೆ ಅನ್ನುವುದು ನನ್ನ ಇಡೀ ಮಾತಿನ ತಿರುಳು.

ಭೇದಿಯಾದ ಮಗು ಸಾಯುವುದು ಯಾಕೆ? ಬಹಳಷ್ಟು ಸಲ ರೋಗಾಣುವಿನ ವಿಷದಿಂದಲ್ಲ, ನೀರು ಮತ್ತು ಉಪ್ಪು ಸೋರಿಹೋಗಿ. ಐದಾರು ಕಿಲೋ ತೂಗುವ ಕೂಸಿನಲ್ಲಿ ಇರುವ ನೀರಾದರೂ ಎಷ್ಟು? ದೊಡ್ಡವರಿಗೆ ನಾಲ್ಕು ಸಲ ಭೇದಿಯಾದರೆ ಸುಸ್ತು, ಕೂಸಿಗೆ ಅದೇ ಪ್ರಾಣಸಂಕಟ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಈಗಲೂ ವರ್ಷಕ್ಕೆ ಸುಮಾರು 4.4 ಲಕ್ಷ ಮಕ್ಕಳು ಐದು ವರ್ಷ ತುಂಬುವ ಮೊದಲೇ ಭೇದಿಯಿಂದ ಸಾಯುತ್ತಿದ್ದಾರೆ. ನೀರು, ಉಪ್ಪು, ಸಕ್ಕರೆ ಯಾವುದೂ ಸಿಗದ ಊರು ಇಲ್ಲದ ಈ ಕಾಲದಲ್ಲಿ.

ನಮ್ಮ ಅಜ್ಜಿಯರ ಕಣ್ಣು ಎಷ್ಟು ಚುರುಕು ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. "ಮಗುವಿನ ನೆತ್ತಿ ಬಿದ್ದಿದೆ" ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ಒಂದೂವರೆ ವರ್ಷದ ಒಳಗಿನ ಮಕ್ಕಳ ನೆತ್ತಿಯಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲ. ಮೈಯ ನೀರು ಇಳಿದಾಗ ಆ ಮೆತ್ತನೆಯ ಜಾಗ ಕುಳಿಬೀಳುತ್ತದೆ. ನಾವು ವೈದ್ಯಕೀಯ ಕಾಲೇಜಿನಲ್ಲಿ ಕಲಿತದ್ದೂ ಅದನ್ನೇ. ಆ ಅಜ್ಜಿ ಬೆರಳಾಡಿಸಿ ಕಂಡುಕೊಂಡದ್ದು ನೂರಕ್ಕೆ ನೂರು ಸರಿ. ಎಡವಿದ್ದು ಕಾರಣ ಹೇಳುವಾಗ. ನೆತ್ತಿ ಬಿದ್ದದ್ದರಿಂದ ಭೇದಿ ಶುರುವಾಯಿತು ಅಂದುಕೊಂಡರು. ಹಾಗಾಗಿ ನೆತ್ತಿಗೆ ಹರಳೆಣ್ಣೆ ಮೆತ್ತಿದರು, ಬಾಯೊಳಗೆ ಹೆಬ್ಬೆರಳು ಹಾಕಿ ಅಂಗುಳನ್ನು ಮೇಲಕ್ಕೆ ಒತ್ತಿಸಿದರು. ನಡೆದದ್ದು ಹಿಂದುಮುಂದಾಗಿ: ಭೇದಿಯಿಂದ ನೀರು ಹೋಯಿತು, ನೀರು ಹೋದದ್ದರಿಂದ ನೆತ್ತಿ ಇಳಿಯಿತು. ಹೊಟ್ಟೆಗೆ ನೀರು ಸೇರಿದರೆ ನೆತ್ತಿ ತಾನೇ ಏಳುತ್ತದೆ. ಆದ್ದರಿಂದ ಮನೆಯಲ್ಲಿ ಯಾರಾದರೂ "ನೆತ್ತಿ ಬಿದ್ದಿದೆ" ಅಂದ ತಕ್ಷಣ ನಗಬೇಡಿ, ಅಲ್ಲಗಳೆಯಬೇಡಿ. ಅದನ್ನು ಅಪಾಯದ ಗಂಟೆ ಅಂತ ತಿಳಿದು ಮಗುವನ್ನು ಆಸ್ಪತ್ರೆಗೆ ಕರೆತನ್ನಿ, ಬರುತ್ತಾ ದಾರಿಯಲ್ಲೇ ಕುಡಿಸುತ್ತಾ ಬನ್ನಿ.

ಉತ್ತರ ಕರ್ನಾಟಕದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವಾಗ ಒಬ್ಬ ಹುಡುಗಿ, ತಾಯಿ ಅನ್ನುವುದಕ್ಕಿಂತ ಹುಡುಗಿಯೇ, ಎಂಟು ತಿಂಗಳ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಕೂಸಿನ ಕಣ್ಣು ಗುಳಿಬಿದ್ದಿತ್ತು, ಅಳುತ್ತಿತ್ತು ಆದರೆ ಕಣ್ಣೀರಿಲ್ಲ. ಹೊಟ್ಟೆಯ ಮೇಲಿನ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿಯಿತು. ನಾಲಿಗೆಯ ಮೇಲೆ ಗುಟ್ಟಿಯ ಕಂದು ಬಣ್ಣ. "ಹಾಲು ಕುಡಿಸಿದಿ ಏನವ್ವಾ?" ಅಂತ ಕೇಳಿದೆ. "ಇಲ್ರಿ ಬಾಯಾರ. ಹಾಲು ಕುಡಿಸಿದ್ರ ಮತ್ತ ಸಂಡಾಸ ಆಗತೈತ್ರಿ. ಹೊಟ್ಟಿಗೆ ಆರಾಮ ಕೊಡಬೇಕು ಅಂದ್ರು ನಮ್ಮತ್ತಿಯಾರು. ನಿನ್ನಿ ಸಂಜಿಯಿಂದ ನೀರೂ ಕೊಟ್ಟಿಲ್ರಿ" ಅಂದಳು. ಎದೆ ತುಂಬಿ ರವಿಕೆ ಒದ್ದೆಯಾಗಿತ್ತು. ಅವಳಿಗೂ ನೋವು, ಕೂಸಿಗೂ ಬಾಯಾರಿಕೆ, ನಡುವೆ ಒಂದು ನಂಬಿಕೆ ಅಡ್ಡ ನಿಂತಿತ್ತು. ಗುಟ್ಟಿ ಆ ಕೂಸಿಗೆ ಮಾಡಿದ್ದಕ್ಕಿಂತ ಹೆಚ್ಚಿನ ಕೇಡನ್ನು ಆ "ಆರಾಮ" ಮಾಡಿತ್ತು.

ಆ ಅತ್ತೆಯವರನ್ನು ನಾನು ದೂರುವುದಿಲ್ಲ. ಕುಡಿಸಿದರೆ ಭೇದಿ ಹೆಚ್ಚುತ್ತದೆ ಅನ್ನುವುದು ಕಣ್ಣಿಗೆ ಕಾಣುವ ಸತ್ಯವೇ. ಕರುಳಿಗೆ ಏನಾದರೂ ಬಿದ್ದರೆ ಅದು ಅಲುಗಾಡುತ್ತದೆ, ಒಂದಿಷ್ಟು ಹೊರಗೂ ಬರುತ್ತದೆ. ಕಣ್ಣಿಗೆ ಕಾಣದ್ದು ಏನೆಂದರೆ, ಹೋದದ್ದಕ್ಕಿಂತ ಒಳಗೆ ಉಳಿದದ್ದು ಹೆಚ್ಚು. ಭೇದಿಯಲ್ಲೂ ಕರುಳು ಹೀರುವ ಕೆಲಸವನ್ನು ಪೂರ್ತಿ ಬಿಟ್ಟಿರುವುದಿಲ್ಲ. ಎದೆಹಾಲನ್ನು ನಿಲ್ಲಿಸಲೇಬಾರದು, ಯಾವಾಗಿನದಕ್ಕಿಂತ ಹೆಚ್ಚು ಸಲ ಕೊಡಬೇಕು. ಆರು ತಿಂಗಳ ಒಳಗಿನ ಕೂಸಿಗೆ ಎದೆಹಾಲು ಮತ್ತು ಉಪ್ಪು, ಗ್ಲೂಕೋಸ್ ಬೆರೆತ ಪೊಟ್ಟಣದ ಪುಡಿಯನ್ನು ನೀರಲ್ಲಿ ಕಲಸಿ ಮಾಡುವ ಓಆರ್‌ಎಸ್ ಬಿಟ್ಟರೆ ಗಂಜಿಯೂ ಬೇಡ, ಎಳನೀರೂ ಬೇಡ.

ಈಗ ಆ ಹೀರುವ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭೇದಿಯ ಹೊತ್ತಿನಲ್ಲಿ ಬರೀ ನೀರು ಕೊಟ್ಟರೆ ಕರುಳು ಸರಿಯಾಗಿ ಹೀರುವುದಿಲ್ಲ. ಉಪ್ಪುನೀರು ಕೊಟ್ಟರೂ ಅಷ್ಟಕ್ಕಷ್ಟೇ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಉಪ್ಪಿನ ಸೋಡಿಯಂ ಮತ್ತು ಸಕ್ಕರೆಯ ಗ್ಲೂಕೋಸ್ ಗಂಡಹೆಂಡಿರ ಹಾಗೆ ಜೊತೆಯಲ್ಲಿ ಬಂದರೆ ಮಾತ್ರ ಆ ಬಾಗಿಲು ತೆರೆಯುತ್ತದೆ, ನೀರು ಅವರ ಹಿಂದೆಯೇ ಒಳಗೆ ಬರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿಯ ಗುಟ್ಟನ್ನು ಮುಂದಿಟ್ಟರು. ಕಾಲರಾದಂಥ ಭಯಂಕರ ಭೇದಿಯಲ್ಲೂ ಈ ಬಾಗಿಲು ಕೆಡುವುದಿಲ್ಲ ಅನ್ನುವುದು ದೊಡ್ಡ ಪುಣ್ಯ. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳ ಮೇಲೆ ತೋರಿಸಿಕೊಟ್ಟರು. ಅದಕ್ಕೂ ಮೊದಲೇ, 1953ರಲ್ಲಿ, ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಕಾಲರಾ ರೋಗಿಗಳಿಗೆ ಉಪ್ಪು ಗ್ಲೂಕೋಸ್ ನೀರು ಕುಡಿಸಿ ಗುಣಪಡಿಸಿದ್ದನ್ನು ಬರೆದಿದ್ದರು. ಜಗತ್ತು ಆಗ ಅದಕ್ಕೆ ಕಿವಿಗೊಡಲಿಲ್ಲ.

ಕಿವಿಗೊಡುವಂತೆ ಮಾಡಿದ್ದು 1971. ಬಾಂಗ್ಲಾದೇಶದ ಯುದ್ಧಕ್ಕೆ ಹೆದರಿ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ನರಕ್ಕೆ ಹಾಕುವ ಸಲೈನ್ ಬಾಟಲಿ ಮುಗಿಯುತ್ತಾ ಬಂತು. ಅಲ್ಲಿದ್ದ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಅಡುಗೆಸೋಡ, ಗ್ಲೂಕೋಸ್ ತೂಗಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು "ಕುಡಿಸಿ" ಅಂದರು. ನೂರರಲ್ಲಿ 30 ಜನ ಸಾಯುತ್ತಿದ್ದ ಕಡೆ ಸಾವು ನೂರಕ್ಕೆ 4ಕ್ಕೂ ಕೆಳಗೆ ಇಳಿಯಿತು. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ಮನೆಯವರ ಮೇಲೆ. ಅವರು ನರ್ಸುಗಳಲ್ಲ, ಓದಿದವರೂ ಅಲ್ಲ. ಅಮ್ಮಂದಿರು, ಅಕ್ಕಂದಿರು, ಅಜ್ಜಿಯರು. ಮಹಲನಬೀಸ್ 2022ರಲ್ಲಿ ತೀರಿಕೊಂಡರು, ಮರುವರ್ಷ ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟಿತು.

ಆಮೇಲೆ ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆ ಮಾಡಿದ ಕೆಲಸ ಇಲ್ಲಿ ಕೂತಿರುವ ಆಶಾ ಅಕ್ಕಂದಿರಿಗೆ ವಿಶೇಷವಾಗಿ ಗೊತ್ತಿರಬೇಕು. 1980ರಿಂದ ಹತ್ತು ವರ್ಷ ಹೆಣ್ಣುಮಕ್ಕಳು ಮನೆಮನೆಗೆ ನಡೆದು, ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ತಾಯಂದಿರ ಎದುರು ಕೂತು ಕಲಿಸಿದರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯ ಕೈಯಲ್ಲೇ ಮಾಡಿಸಿದರು. ಕೆಲವು ದಿನ ಬಿಟ್ಟು ಬೇರೆಯವರು ಹೋಗಿ ಆ ತಾಯಿಗೆ ಎಷ್ಟು ನೆನಪಿದೆ ಅಂತ ನೋಡುತ್ತಿದ್ದರು. ಕಲಿಸಿದವಳ ಸಂಬಳ ಅದರ ಮೇಲೆ ನಿಲ್ಲುತ್ತಿತ್ತು. ಎಷ್ಟು ಮನೆ ಸುತ್ತಿದಳು ಅನ್ನುವುದನ್ನು ಯಾರೂ ಎಣಿಸಲಿಲ್ಲ. ಆಮೇಲೆ ಅವರಿಗೆ ಇನ್ನೊಂದು ತಿಳಿಯಿತು. ತಾಯಿಗೆ ಗೊತ್ತಿದ್ದರೂ ಮನೆಯ ಗಂಡಸು ಒಪ್ಪದಿದ್ದರೆ ಅದು ನಡೆಯುವುದಿಲ್ಲ. ಹಾಗಾಗಿ ಸಂತೆಗಳಿಗೆ, ಮಸೀದಿಗಳಿಗೆ ಹೋಗಿ ಗಂಡಸರಿಗೂ ಹೇಳಿದರು. ನಮ್ಮಲ್ಲಿ ಇಂಥ ಸಭೆಗೆ ಅಪ್ಪಂದಿರು ಯಾಕೆ ಬರುವುದಿಲ್ಲ ಅನ್ನುವುದನ್ನು ಸಂಘಟಕರು ಯೋಚಿಸಬೇಕು. ಔಷಧಿ ಅಂಗಡಿಗೆ ಹೋಗುವವರು ಹೆಚ್ಚಾಗಿ ಅವರೇ.

ಗಂಜಿಗೆ ವಾಪಸ್ ಬರೋಣ. ಅಕ್ಕಿಯ ಗಂಜಿತಿಳಿಗೆ ಉಪ್ಪು ಹಾಕಿದಾಗ ಏನಾಗುತ್ತದೆ? ಅಕ್ಕಿಯ ಹಿಟ್ಟಿನಂಶ ಕರುಳಿನಲ್ಲಿ ಮೆಲ್ಲಗೆ ಒಡೆದು ಗ್ಲೂಕೋಸ್ ಆಗುತ್ತದೆ, ಉಪ್ಪು ಜೊತೆಗಿದೆ, ನೀರಿದೆ. ಕರಾವಳಿಯ ಅಜ್ಜಿಯ ಬಟ್ಟಲಿನಲ್ಲಿ ಓಆರ್‌ಎಸ್‌ನ ತತ್ವ ಯಾವತ್ತಿನಿಂದಲೋ ಇತ್ತು. ಅಕ್ಕಿಹಿಟ್ಟಿನಿಂದಲೇ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನು ಕಡಿಮೆ ಮಾಡುತ್ತದೆ ಅಂತಲೂ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಒಂದು ಷರತ್ತು: ಉಪ್ಪು ಹಾಕಲೇಬೇಕು. "ಮಗುವಿಗೆ ಉಪ್ಪು ಯಾಕೆ" ಅಂತ ಸಪ್ಪೆ ಗಂಜಿ ಕುಡಿಸುವ ಮನೆಗಳಿವೆ. ಸಪ್ಪೆ ಗಂಜಿಯಿಂದ ಅರ್ಧ ಕೆಲಸ ಮಾತ್ರ. ಎಷ್ಟು ಉಪ್ಪು ಅಂದರೆ, ನಾಲಿಗೆಗೆ ಕಣ್ಣೀರಿನಷ್ಟು ಉಪ್ಪಾಗಿರಲಿ, ಅದಕ್ಕಿಂತ ಹೆಚ್ಚು ಬೇಡ. ಮೊದಲು ನೀವು ರುಚಿ ನೋಡಿ, ಆಮೇಲೆ ಮಗುವಿಗೆ.

ಮಜ್ಜಿಗೆಯೂ ಒಳ್ಳೆಯದೇ, ಉಪ್ಪು ಹಾಕಿದ್ದು, ಮನೆಯಲ್ಲಿ ಆಗಷ್ಟೇ ಕಡೆದದ್ದು, ಶುದ್ಧವಾದ ನೀರು ಬೆರೆಸಿದ್ದು. ಮೊಸರಾಗುವಾಗ ಹಾಲಿನ ಸಕ್ಕರೆ ಒಂದಿಷ್ಟು ಕರಗಿಹೋಗಿರುತ್ತದೆ, ಸೊರಗಿದ ಕರುಳಿಗೆ ಅದು ಹಗುರ. ಎಳನೀರಿನ ವಿಷಯದಲ್ಲಿ ಮಾತ್ರ ನಮ್ಮ ಜನಕ್ಕೆ ಅತಿ ನಂಬಿಕೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಭೇದಿಯಲ್ಲಿ ಹೆಚ್ಚು ಹೋಗುವ ಸೋಡಿಯಂ ಕಡಿಮೆ. ಸ್ವಲ್ಪ ದೊಡ್ಡ ಮಗು ಇಷ್ಟಪಟ್ಟು ಕುಡಿದರೆ ಕೊಡಿ, ಅದನ್ನೇ ನಂಬಿ ಕೂರಬೇಡಿ. ಬೇಯಿಸಿ ಹಿಸುಕಿದ ಬಾಳೆಕಾಯಿ, ಆರು ತಿಂಗಳು ದಾಟಿದ ಮಕ್ಕಳಿಗೆ, ನಿಜಕ್ಕೂ ಉಪಕಾರ ಮಾಡುತ್ತದೆ. ವಾರಗಟ್ಟಲೆ ನಿಲ್ಲದ ಭೇದಿಯಲ್ಲಿ ಅದರ ಗುಣವನ್ನು ಬಾಂಗ್ಲಾದೇಶದ ಸಂಶೋಧಕರು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ್ದಾರೆ. ಇನ್ನು ರಾಗಿ. ಮೊಳಕೆ ಕಟ್ಟಿಸಿ, ಒಣಗಿಸಿ, ಬೀಸಿ ಮಾಡಿದ ರಾಗಿ ಹುಡಿಯ ಸರಿ ತೆಳ್ಳಗೆ ಇರುತ್ತದೆ, ಆದರೆ ಹಿಟ್ಟು ಹೆಚ್ಚು ಹಿಡಿಸುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಹಿಟ್ಟನ್ನು ಒಡೆದು ಗಂಟಾಗದಂತೆ ನೋಡಿಕೊಳ್ಳುತ್ತದೆ. ಬಾಯಿ ಸೋತ ಮಗು ನಾಲ್ಕೇ ಚಮಚ ತಿಂದರೂ ಮೈಗೆ ಹತ್ತುತ್ತದೆ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚಾಗಿ ತಿನ್ನಿಸಿ. ಇಳಿದ ತೂಕ ಆಗಲೇ ಏರಬೇಕು.

ಇಷ್ಟೆಲ್ಲ ಹೊಗಳಿದೆ ಅಂತ ಓಆರ್‌ಎಸ್ ಬದಲಿಗೆ ಗಂಜಿ ಸಾಕು ಅಂದುಕೊಳ್ಳಬೇಡಿ. ಮೊದಲ ಭೇದಿ ಆದ ಕೂಡಲೇ ಮನೆಯಲ್ಲಿ ಸಿಗುವುದನ್ನು ಶುರುಮಾಡಿ, ಅಷ್ಟರಲ್ಲಿ ಪೊಟ್ಟಣ ತರಿಸಿ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೊದಲು ಗ್ಲೂಕೋಸ್ 20 ಗ್ರಾಂ ಇತ್ತು, ಉಪ್ಪೂ ಹೆಚ್ಚಿತ್ತು. ಕಡಿಮೆ ಮಾಡಿದ ಮೇಲೆ ವಾಂತಿಯೂ ಭೇದಿಯೂ ಕಡಿಮೆ ಬಿದ್ದವು. ಅಷ್ಟು ಸೂಕ್ಷ್ಮ ಇದು.

ಹಾಗಿರುವಾಗ ನಾವು ಮನೆಯಲ್ಲಿ ಅದನ್ನು ಕಲಸುವ ರೀತಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ತಾಯಿ "ಒಂದೇ ಸಲ ಅಷ್ಟೆಲ್ಲ ಯಾರು ಕುಡೀತಾರೆ" ಅಂತ ಒಂದು ಲೋಟಕ್ಕೆ ಎರಡು ಚಮಚ ಪುಡಿ ಹಾಕುತ್ತಾಳೆ. ಅದು ಗಟ್ಟಿ ಉಪ್ಪುನೀರಾಗಿ ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ, ಫಿಟ್ಸ್ ಬರಬಹುದು. ಇಲ್ಲಿ ನನ್ನ ಕೈಯಲ್ಲಿರುವುದು ಸಾಮಾನ್ಯವಾದ ನೀರಿನ ಬಾಟಲಿ, ಒಂದು ಲೀಟರಿನದು. ಸೋಪು ಹಾಕಿ ಕೈ ತೊಳೆದಿದ್ದೇನೆ. ಕುದಿಸಿ ಆರಿಸಿದ ನೀರನ್ನು ಇದರಲ್ಲಿ ಕತ್ತಿನ ತನಕ ತುಂಬಿದೆ, ಅದನ್ನು ಈ ಪಾತ್ರೆಗೆ ಸುರಿದೆ. ಪೊಟ್ಟಣದ ತುದಿ ಕತ್ತರಿಸಿ ಪೂರ್ತಿ ಕೊಡವಿದೆ, ಮೂಲೆಯಲ್ಲಿ ಅಂಟಿಕೊಂಡದ್ದನ್ನೂ. ಪುಡಿ ಕಾಣದಷ್ಟು ಕರಗಿತು. ಹಾಲಿಗೆ, ಜ್ಯೂಸಿಗೆ ಬೆರೆಸಲಿಲ್ಲ, ಸಕ್ಕರೆ ಸೇರಿಸಲಿಲ್ಲ, ಮತ್ತೆ ಕುದಿಸುವುದಿಲ್ಲ. ಮುಚ್ಚಿಟ್ಟರೆ 24 ಗಂಟೆ ಇರುತ್ತದೆ, ಆಮೇಲೆ ಚೆಲ್ಲಿ ಹೊಸದು ಮಾಡಬೇಕು. ಅಂಗಡಿಯಲ್ಲಿ 200 ಮಿ.ಲೀ. ನೀರಿಗೆ ಅಂತ ಚಿಕ್ಕ ಪೊಟ್ಟಣವೂ ಬರುತ್ತದೆ, ಎಷ್ಟು ನೀರಿಗೆ ಅನ್ನುವುದನ್ನು ಓದಿಸಿಕೊಂಡು ಕಲಸಿ. ಪೊಟ್ಟಣವೇ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಗೀಚಿ ಸಮ ಮಾಡಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಡ್ಡೆ ಚಮಚ ಅಲ್ಲ.

ಎಷ್ಟು ಕುಡಿಸಬೇಕು? ಎರಡು ವರ್ಷದ ಒಳಗಿನ ಮಗುವಿಗೆ ಪ್ರತಿ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200. ಚಮಚದಲ್ಲಿ, ನಿಮಿಷಕ್ಕೊಂದು ಎರಡು ನಿಮಿಷಕ್ಕೊಂದು. ಹಾಲಿನ ಬಾಟಲಿಯಲ್ಲಿ ಬೇಡ. ಬಾಯಾರಿದ ಮಗು ಗಟಗಟ ಕುಡಿದು ಪೂರ್ತಿ ವಾಂತಿ ಮಾಡುತ್ತದೆ, ತಾಯಿ "ದಕ್ಕಲಿಲ್ಲ" ಅಂತ ಕೈಬಿಡುತ್ತಾಳೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ, ಇನ್ನೂ ನಿಧಾನವಾಗಿ. ಇದಕ್ಕೆ ಬೇಕಾದದ್ದು ತಾಳ್ಮೆ. ರಾತ್ರಿಯಿಡೀ ಚಮಚ ಹಿಡಿದು ಕೂತ ತಾಯಂದಿರನ್ನು ನಾನು ನೋಡಿದ್ದೇನೆ. ನನ್ನ ಯಾವ ಇಂಜೆಕ್ಷನ್ನೂ ಅವರ ಕೈಗೆ ಸಮ ಬರಲಿಲ್ಲ.

ಇಲ್ಲೊಂದು ಮಾತು ಅಂಗಡಿಯ ಬಗ್ಗೆ. ರಟ್ಟಿನ ಡಬ್ಬಿಯಲ್ಲಿ ಹಣ್ಣಿನ ರುಚಿ ಹಾಕಿ, ಮೇಲೆ ಓಆರ್‌ಎಸ್ ಎಂದು ಬರುವಂಥ ಹೆಸರಿಟ್ಟು ಮಾರುತ್ತಿದ್ದ ಸಿಹಿ ಪಾನೀಯಗಳನ್ನು ನೀವೂ ಕೊಂಡಿರುತ್ತೀರಿ. ಅವುಗಳಲ್ಲಿ ಸಕ್ಕರೆ ವಿಪರೀತ. ಸಕ್ಕರೆ ಹೆಚ್ಚಾದರೆ ಅದು ಕರುಳಿನ ಕಡೆಗೇ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಬಳಸಕೂಡದು ಅಂತ ಆದೇಶ ಮಾಡಿತು. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕೈಯಲ್ಲಿ ಪುಕ್ಕಟೆ ಸಿಗುವ ಪೊಟ್ಟಣವೇ ಅಸಲಿ ಮದ್ದು. ಬೆಲೆ ಇಲ್ಲದ್ದಕ್ಕೆ ಗುಣವೂ ಇಲ್ಲ ಅಂದುಕೊಳ್ಳುವ ಅಭ್ಯಾಸ ನಮ್ಮನ್ನು ಕಾಡುತ್ತಿದೆ.

ಈಗ ಕಟ್ಟಿಸುವ ಮದ್ದುಗಳು. ಮಾಚಿಕಾಯಿ, ದಾಳಿಂಬೆ ಸಿಪ್ಪೆ, ಡಿಕಾಕ್ಷನ್ ಎಲ್ಲದರಲ್ಲೂ ಒಗರು ಇದೆ. ಆ ಒಗರು ಕರುಳನ್ನು ಸ್ವಲ್ಪ ಬಿಗಿಮಾಡಬಹುದು, ಭೇದಿಯ ಸಲ ಕಡಿಮೆಯೂ ಆಗಬಹುದು. ಆದರೆ ಹೋದ ನೀರು ವಾಪಸ್ ಬರಲಿಲ್ಲವಲ್ಲ? ಹೊರಗೆ ಬರುವುದು ನಿಂತರೂ ಮಗುವಿನ ಮೈ ಒಣಗುತ್ತಲೇ ಇರಬಹುದು, ತಾಯಿ ಮಾತ್ರ "ಕಡಿಮೆಯಾಯ್ತು" ಅಂತ ಸಮಾಧಾನದಲ್ಲಿರುತ್ತಾಳೆ. ನನಗೆ ಭಯವಾಗುವುದು ಆ ಸಮಾಧಾನಕ್ಕೆ. ಜಾಯಿಕಾಯಿ ಹೆಚ್ಚು ತೇಯ್ದರೆ ಮಗು ಮಂಪರಿಗೆ ಬೀಳುತ್ತದೆ. ಮಂಪರು ಬಂದ ಮಗು ನೀರು ಕೇಳುವುದಿಲ್ಲ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿತು. ನಮ್ಮ ಕೂಸುಗಳ ನಾಲಿಗೆಗೆ ಅದು ಬೇಡ. ಜೊತೆಗೆ ಸಾಣೆಕಲ್ಲನ್ನೂ ಒಮ್ಮೆ ನೋಡಿ. ನಿನ್ನೆ ತೇಯ್ದ ಪಸೆ ಅದರ ಗೀರುಗಳಲ್ಲಿ ಒಣಗಿರುತ್ತದೆ, ಮೇಲೆ ನೊಣ ಕೂತಿರುತ್ತದೆ. ಅದರಿಂದಲೇ ಮತ್ತೆ ಭೇದಿ. ತೇಯುವಾಗ ಜೇನು ಬೆರೆಸುವವರಿದ್ದಾರೆ. ಒಂದು ವರ್ಷದ ಒಳಗೆ ಜೇನು ಸರ್ವಥಾ ಕೂಡದು, ಅದರಲ್ಲಿರಬಹುದಾದ ಬೀಜಾಣು ಕೂಸಿನ ಕರುಳಲ್ಲಿ ಬೆಳೆದು ಕೈಕಾಲು ಸೋಲಿಸುವ ವಿಷ ಉತ್ಪತ್ತಿ ಮಾಡಬಲ್ಲದು.

ಒಂದು ಕಾಲದಲ್ಲಿ ಕೂಸುಗಳಿಗೆ ಅಫೀಮಿನ ಗುಳಿಗೆಯನ್ನೂ ಕೊಡುತ್ತಿದ್ದರು. ಅಳು ನಿಲ್ಲುತ್ತಿತ್ತು, ಭೇದಿಯೂ ನಿಲ್ಲುತ್ತಿತ್ತು, ಕೆಲವೊಮ್ಮೆ ಉಸಿರೂ ನಿಲ್ಲುತ್ತಿತ್ತು. ಅದು ಹಳೆಯ ಅಜ್ಞಾನ ಅಂತ ತಳ್ಳಿಹಾಕುವ ಮೊದಲು ಔಷಧಿ ಅಂಗಡಿಯಲ್ಲಿ "ಲೂಸ್ ಮೋಷನ್ ನಿಲ್ಲೋಕೆ ಏನಾದ್ರೂ ಕೊಡಿ" ಅಂತ ಕೇಳಿದಾಗ ಸಿಗುವ ಲೋಪರಮೈಡ್ ಮಾತ್ರೆಯನ್ನು ನೋಡಿ. ಅದು ಕರುಳಿನಲ್ಲಿ ಕೆಲಸ ಮಾಡುವ ದಾರಿ ಅಫೀಮಿನದೇ. ದೊಡ್ಡವರು ಪ್ರಯಾಣದಲ್ಲಿ ನುಂಗುವ ಅದನ್ನು ಅರ್ಧ ಮಾಡಿ ಮಗುವಿಗೆ ಕೊಡುವವರಿದ್ದಾರೆ. 1990ರಲ್ಲಿ ಪಾಕಿಸ್ತಾನದಲ್ಲಿ ಇದೇ ಔಷಧಿಯ ಹನಿಗಳನ್ನು ಕುಡಿಸಿದ ಕೂಸುಗಳು ಕರುಳು ಸ್ತಬ್ಧವಾಗಿ ಸತ್ತಾಗ, ಆ ಹನಿಗಳನ್ನು ಅಲ್ಲಿನ ಮಾರುಕಟ್ಟೆಯಿಂದಲೇ ತೆಗೆಯಬೇಕಾಯಿತು. ಆಂಟಿಬಯೋಟಿಕ್ ಕೂಡ ಹಾಗೆಯೇ. ಮಲದಲ್ಲಿ ರಕ್ತ ಇದ್ದಾಗ, ಕಾಲರಾ ಇದ್ದಾಗ, ವೈದ್ಯರು ನೋಡಿ ಬರೆದರೆ ಮಾತ್ರ.

ಹೊಟ್ಟೆಯ ಮೇಲೆ ಬರೆ ಹಾಕಿಸುವುದು ಇನ್ನೂ ಕೆಲವು ಕಡೆ ನಡೆಯುತ್ತಿದೆ. ಸುಟ್ಟ ಗಾಯ ಹೊತ್ತು ಬಂದ ಕೂಸಿನ ಮೈಯಲ್ಲಿ ನೀರಿನ ಜೊತೆ ಕಣ್ಣೀರೂ ಉಳಿದಿರುವುದಿಲ್ಲ. ಇದರಲ್ಲಿ ಮಾತೇ ಇಲ್ಲ, ಬೇಡ.

"ಹಲ್ಲು ಬರ್ತಿದೆ, ಅದಕ್ಕೆ ಭೇದಿ" ಅನ್ನುವ ಮಾತನ್ನೂ ಬಿಡಿ. ಹಲ್ಲು ಬರುವ ವಯಸ್ಸು, ಅಂಬೆಗಾಲಿಟ್ಟು ನೆಲದ ಮೇಲಿನದ್ದೆಲ್ಲ ಬಾಯಿಗಿಡುವ ವಯಸ್ಸು, ಮೇಲೂಟ ಶುರುಮಾಡುವ ವಯಸ್ಸು ಎಲ್ಲ ಒಂದೇ. ಹಲ್ಲಿನ ಮೇಲೆ ತಪ್ಪು ಹೊರಿಸಿದರೆ ಕೈ ತೊಳೆಯುವುದು, ನೀರು ಕುದಿಸುವುದು ಮರೆತುಹೋಗುತ್ತದೆ.

ಜಿಂಕ್ ಮಾತ್ರೆಯನ್ನು ಬಹಳ ಮನೆಗಳಲ್ಲಿ ಅರ್ಧಕ್ಕೇ ಬಿಡುತ್ತಾರೆ. 2004ರಿಂದ ಓಆರ್‌ಎಸ್ ಜೊತೆಗೆ ಅದನ್ನು ಕೊಡಬೇಕೆಂದು ಹೇಳಲಾಗಿದೆ. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳಿನವರಿಗೆ 10, ಒಂದು ಚಮಚ ನೀರಲ್ಲೋ ಎದೆಹಾಲಲ್ಲೋ ಕರಗಿಸಿ, 14 ದಿನ. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ, ಯಾಕೆಂದರೆ ಅದು ಮುಂದಿನ ತಿಂಗಳುಗಳ ಭೇದಿಯನ್ನೂ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ನೂರಕ್ಕೆ ಸುಮಾರು 60 ಮಕ್ಕಳಿಗೆ, ಜಿಂಕ್ ಸಿಕ್ಕಿದ್ದು ಸುಮಾರು 30 ಮಕ್ಕಳಿಗೆ. ಉಳಿದವರಿಗೆ ಏನು ಸಿಕ್ಕಿತು ಅಂತ ನೀವೇ ಊಹಿಸಿ. ಕೂಸುಗಳಿಗೆ ಭೇದಿ ತರುವ ರೋಟಾವೈರಸ್‌ ವಿರುದ್ಧದ ಲಸಿಕೆಯ ಹನಿಗಳೂ ಈಗ ಪುಕ್ಕಟೆ: ಆರು, ಹತ್ತು, ಹದಿನಾಲ್ಕನೇ ವಾರ. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕಿದ ಒಂದು ರೋಟಾವೈರಸ್ ತಳಿಯನ್ನೂ ದೇಶೀ ಲಸಿಕೆಗಾಗಿ ಪರೀಕ್ಷಿಸಿದ್ದರು, ಕೊನೆಗೆ ಬಳಕೆಗೆ ಬಂದದ್ದು ದೆಹಲಿಯಲ್ಲಿ ಸಿಕ್ಕಿದ ತಳಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ಡಾಕ್ಟ್ರಮ್ಮ, ಮಗು ಸುಸ್ತಾಗಿ ಮಲಗಿಬಿಟ್ಟರೆ ಎಬ್ಬಿಸಿ ಕುಡಿಸಬೇಕಾ? ನಿದ್ದೆ ಕೆಡಿಸಬಾರದು ಅಂತಾರೆ ನಮ್ಮಮ್ಮ."

ಎಬ್ಬಿಸಬೇಕು ತಾಯಿ. ಎಬ್ಬಿಸಿದಾಗ ಅದು ನಿದ್ದೆಯೋ, ಶಕ್ತಿ ಕುಂದಿ ಬಂದ ಮಂಪರೋ ಅನ್ನುವುದು ಗೊತ್ತಾಗುತ್ತದೆ. ಹೆಸರು ಹಿಡಿದು ಕರೆದು, ಅಂಗಾಲು ತಟ್ಟಿದರೆ ಕಣ್ಣು ಬಿಟ್ಟು, ಚಮಚ ಕಂಡು ಬಾಯಿ ಚಾಚಿದರೆ ಕುಡಿಸಿ, ಮತ್ತೆ ಮಲಗಿಸಿ. ಆರು ತಾಸಿನಿಂದ ಉಚ್ಚೆ ಹೊಯ್ದಿಲ್ಲವಾದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಚಿವುಟಿದ ಚರ್ಮ ಕೂಡಲೇ ಇಳಿಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಅಂಗಾಲು ತಟ್ಟಿದರೂ ಎಚ್ಚರವಾಗದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ, ಗಂಟಲಿಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ. ಆಗ 108ಕ್ಕೆ ಫೋನ್ ಮಾಡಿ, ಮಗುವನ್ನು ಪಕ್ಕಕ್ಕೆ ಮಲಗಿಸಿಕೊಂಡು ಹೊರಡಿ. ಎಚ್ಚರವಿರುವ ಮಗುವಾದರೆ ಗಾಡಿಯಲ್ಲೂ ಚಮಚ ನಿಲ್ಲಿಸಬೇಡಿ.